ನೆರಳನ್ನು ಎಲ್ಲಿಂದ ಅಳೆಯಬೇಕು

ಹೆಮ್ಮಿಗೆ, ತಿ. ನರಸೀಪುರ ತಾಲ್ಲೂಕು
12 ಜುಲೈ 1998

ಪೂಜ್ಯ ಮುರಳೀಧರ ಮೇಷ್ಟ್ರಿಗೆ,

ನಿಮ್ಮ ಹಳೆಯ ವಿದ್ಯಾರ್ಥಿನಿ ಶ್ವೇತ ಮಾಡುವ ನಮಸ್ಕಾರಗಳು. ನಂಜನಗೂಡಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ನಿಮ್ಮ ಬಳಿ ಹೈಸ್ಕೂಲು ಓದಿದೆ. 'ಸೊನ್ನೆ ಅಂದರೆ ಏನೂ ಇಲ್ಲ ಅಂತಾದರೆ ಅದನ್ನು ಬರೆಯುವುದಾದರೂ ಯಾಕೆ ಸಾರ್?' ಎಂದು ಕೇಳಿ ತರಗತಿಯನ್ನೆಲ್ಲ ನಗಿಸಿದವಳು. ನೀವೊಬ್ಬರು ನಗಲಿಲ್ಲ. 'ಇದೇ ಪ್ರಶ್ನೆ ಹಿಡಿದುಕೊಂಡು ದೊಡ್ಡ ದೊಡ್ಡವರು ನೂರಾರು ವರ್ಷ ಒದ್ದಾಡಿದ್ದಾರೆ, ಕೂತ್ಕೋ' ಎಂದಿರಿ. ನನಗೆ ಗಣಿತದ ಭಯ ಹೋದದ್ದು ಅವತ್ತು.

ಬಿ.ಎಡ್. ಮುಗಿಸಿ ಊರಿನಲ್ಲಿದ್ದೇನೆ. ಹಾಲಿನ ಡೈರಿಯ ಪಕ್ಕದ ಪಂಚಾಯ್ತಿ ಕೋಣೆಯಲ್ಲಿ ಸಂಜೆ ಹೆಂಗಸರಿಗೆ ಪಾಠ ಹೇಳುತ್ತೇನೆ. ಅಕ್ಷರ ಕಲಿತರು, ಬಸ್ಸಿನ ಬೋರ್ಡು ಓದುತ್ತಾರೆ. ಲೆಕ್ಕ ಎಂದ ಕೂಡಲೇ ಸೆರಗು ಕೊಡವಿ ಏಳುತ್ತಾರೆ. 'ಅದು ಗಂಡುಸ್ರುದು ಕಣವ್ವ, ನಮ್ಮ ತಲೆಗೆ ಅತ್ತಕಿಲ್ಲ' ಎನ್ನುತ್ತಾರೆ ಪುಟ್ಟಬಸಮ್ಮ. ಅವರು ಎದ್ದರೆ ಉಳಿದವರೂ ಎದ್ದಂತೆ.

ನೀವು ಸೂತ್ರ ಬರೆಯುವ ಮುಂಚೆ ಅದನ್ನು ಕಂಡುಕೊಂಡವನ ಕಥೆ ಹೇಳುತ್ತಿದ್ದಿರಿ. ಪಿರಮಿಡ್ಡನ್ನು ಹತ್ತದೆಯೇ ಅದರ ಎತ್ತರ ಹೇಳಿದವನ ಕಥೆ ನನಗೆ ಅರ್ಧ ನೆನಪಿದೆ. ಅಷ್ಟರಲ್ಲಿ ಗಂಟೆ ಹೊಡೆದಿತ್ತು. ಮಾರನೆಯ ದಿನ ನನಗೆ ಜ್ವರ. ದಯವಿಟ್ಟು ಅದನ್ನು ಪೂರ್ತಿಯಾಗಿ ಬರೆದು ಕಳಿಸಿಕೊಡುತ್ತೀರಾ?

ನಿಮ್ಮ ವಿದ್ಯಾರ್ಥಿನಿ,
ಶ್ವೇತ


ನಂಜನಗೂಡು
27 ಜುಲೈ 1998

ಚಿ. ಶ್ವೇತಳಿಗೆ ಆಶೀರ್ವಾದಗಳು.

ನಿನಗೆ ಉತ್ತರ ಬರೆಯಬೇಕಾದವರು ಇಲ್ಲಮ್ಮ. ಏಪ್ರಿಲ್ ತಿಂಗಳಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತವರು ಎದೆನೋವು ಎಂದರು. ಮೈಸೂರಿಗೆ ಕರೆದುಕೊಂಡು ಹೊರಟೆವು. ಕಡಕೊಳ ದಾಟುವುದರೊಳಗೆ ಮುಗಿದಿತ್ತು.

ನಾನು ಅವರ ಹೆಂಡತಿ ವೆಂಕಟಲಕ್ಷ್ಮಿ. ಮನೆಯಲ್ಲಿ ಈಗ ನಾನು ಮತ್ತು ನಮ್ಮ ಅತ್ತೆ, ಇಬ್ಬರೇ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಫೇಲಾದದ್ದು ಗಣಿತದಲ್ಲಿ. ಗಣಿತದ ಮೇಷ್ಟ್ರ ಹೆಂಡತಿಗೆ ಗಣಿತ ಬಾರದು ಎಂದು ಬೀದಿಯವರಿಗೆಲ್ಲ ತಮಾಷೆಯಾಗಿತ್ತು. ಅವರು ಮಾತ್ರ, 'ನಿನಗೆ ಬರದೇ ಇದ್ದದ್ದು ಗಣಿತ ಅಲ್ಲ ಕಣೇ, ನಿನಗೆ ಅದನ್ನ ಪರಿಚಯ ಮಾಡಿಕೊಟ್ಟವರಿಗೆ ಮರ್ಯಾದೆ ಇರಲಿಲ್ಲ' ಎನ್ನುತ್ತಿದ್ದರು.

ದಿನಾ ನಾಲ್ಕು ಸಾಲು ದಿನಚರಿ ಬರೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಮಾತಿಗಿಂತ ಬರೆಯುವುದು ಸುಲಭ. ಹಾಗಾಗಿ, ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಎರಡೂವರೆ ಸಾವಿರ ವರ್ಷದ ಹಿಂದೆ ಥೇಲ್ಸ್ ಎಂಬ ಗ್ರೀಕ್ ವ್ಯಾಪಾರಿ ಈಜಿಪ್ಟಿಗೆ ಹೋಗಿದ್ದನಂತೆ. ಪಿರಮಿಡ್ಡು ಅವನ ಕಾಲಕ್ಕೇ ಅಜ್ಜನ ಅಜ್ಜನಷ್ಟು ಹಳೆಯದು. ಅದರ ಎತ್ತರ ಎಷ್ಟೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಇವನು ಮರಳಿನಲ್ಲಿ ಕೋಲು ನಿಲ್ಲಿಸಿ ಸುಮ್ಮನೆ ಕಾದ. ಬೆಳಗಿನ ನೆರಳು ಉದ್ದ, ಮಧ್ಯಾಹ್ನದ್ದು ಗಿಡ್ಡ. ಈ ಉದ್ದಕ್ಕೂ ಗಿಡ್ಡಕ್ಕೂ ನಡುವೆ ಒಂದು ಗಳಿಗೆಯಲ್ಲಿ ಕೋಲು ಎಷ್ಟುದ್ದವೋ ಅದರ ನೆರಳೂ ಅಷ್ಟೇ ಉದ್ದವಾಗುತ್ತದೆ. ಆ ಗಳಿಗೆಯಲ್ಲಿ ಲೋಕದಲ್ಲಿ ನಿಂತದ್ದಕ್ಕೆಲ್ಲ ಅದೇ ನ್ಯಾಯ. ಕೋಲಿಗೂ ಅದೇ, ಮನುಷ್ಯನಿಗೂ ಅದೇ, ಪಿರಮಿಡ್ಡಿಗೂ ಅದೇ. ಓಡಿಹೋಗಿ ಪಿರಮಿಡ್ಡಿನ ನೆರಳು ಅಳೆದರೆ ಎತ್ತರ ಸಿಕ್ಕಿತು. 'ಅವನ ಹತ್ತಿರ ಇದ್ದದ್ದು ಒಂದು ಕೋಲು, ಒಂದಿಷ್ಟು ಬಿಸಿಲು, ಕಾಯುವ ತಾಳ್ಮೆ. ಇಷ್ಟೇ ಕಣೇ' ಎಂದು ಅವರು ಹೇಳುತ್ತಿದ್ದದ್ದು ಕಿವಿಯಲ್ಲಿದೆ.

ಆಮೇಲೆ ಇನ್ನೂ ಏನೋ ಇತ್ತು. 'ಆದರೆ ಅಲ್ಲೊಂದು ತೊಡಕು' ಎಂದು ಅವರು ಧ್ವನಿ ತಗ್ಗಿಸುತ್ತಿದ್ದರು. ಪ್ರತಿ ಸಲವೂ ಅಷ್ಟು ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಾನು ಎದ್ದು ಹೋಗುತ್ತಿದ್ದೆ. ನಿನಗೆ ಗಂಟೆ ಹೊಡೆಯಿತು, ನನಗೆ ಹಾಲು ಉಕ್ಕಿತು.

ವೆಂಕಟಲಕ್ಷ್ಮಿ


ಹೆಮ್ಮಿಗೆ
23 ಆಗಸ್ಟ್ 1998

ಪ್ರಿಯ ಮೇಡಂ,

ಸಾರ್ ಸುದ್ದಿ ಓದಿ ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಕ್ಷಮಿಸಿ.

ನೀವು ಬರೆದ ಕಥೆಯನ್ನು ತರಗತಿಯಲ್ಲಿ ಹಾಗೆಯೇ ಓದಿದೆ. ಒಬ್ಬರೂ ಏಳಲಿಲ್ಲ. ಜವರಮ್ಮ ಎಂಬಾಕೆ, 'ಆ ಪುಣ್ಯಾತ್ಮ ಬಿಸಿಲಲ್ಲಿ ನಿಂತವ್ನೆ, ಅವನಿಗೆ ಒಂದು ಲೋಟ ನೀರು ಕೊಟ್ಟೋರು ಯಾರೂ ಇಲ್ವಾ?' ಎಂದರು. ಪುಟ್ಟಬಸಮ್ಮ ಬಿಡಲಿಲ್ಲ. 'ಅದ್ಯಾವುದೋ ದೇಸದ ಸಮಾಧಿ ಕಟ್ಕೊಂಡು ನಮಗೇನಾಗಬೇಕು? ನಂಜನಗೂಡ್ ನಂಜುಂಡಪ್ಪನ ಗೋಪುರ ಎಷ್ಟುದ್ದ ಏಳು, ನೋಡವಾ!'

ಬಾಗಿಲಲ್ಲಿ ಬಸವಣ್ಣನವರು ನಿಂತಿದ್ದರು. ಪಂಚಾಯ್ತಿ ಮೆಂಬರು. ಆ ಕೋಣೆಗೆ ಗೊಬ್ಬರದ ಮೂಟೆ ತುಂಬಬೇಕೆಂದು ಬಹಳ ದಿನದಿಂದ ಕಣ್ಣಿಟ್ಟಿದ್ದಾರೆ. ಕೆಟ್ಟವರಲ್ಲ, ಆದರೆ ತಮಾಷೆ ಜಾಸ್ತಿ. 'ಸರಿ ಕಣ್ರಮ್ಮ, ಶಿವರಾತ್ರಿ ಕಳೆದ ಮೇಲೆ ಒಂದು ಸೋಮವಾರ ನನ್ನ ಮೊಮ್ಮಗಂದು ನಂಜನಗೂಡಲ್ಲಿ ಮುಡಿ ತೆಗುಸ್ತೀನಿ. ಊರೇ ಟ್ರಾಕ್ಟರ್ನಲ್ಲಿ ಬತ್ತದೆ. ಅವತ್ತು ನೀವು ಗೋಪುರ ಅತ್ತದೆ ಅದರ ಎತ್ತರ ಏಳಿಬುಡಿ. ಸರಿಯಾಗಿ ಏಳುದ್ರೆ ಕೋಣೆ ನಿಮ್ದು, ಕರೆಂಟು ಬಲ್ಬೂ ನಂದು. ತಪ್ಪಿದ್ರೆ ಮಾರನೆ ದಿನ್ವೇ ಗೊಬ್ಬರ ಇಳೀತದೆ' ಎಂದರು.

'ಆಗಲಿ ಕಣಣ್ಣ' ಎಂದವರು ಪುಟ್ಟಬಸಮ್ಮ. ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದವರೇ ಪಂಥಕ್ಕೆ ಒಪ್ಪಿಕೊಂಡುಬಿಟ್ಟರು.

ಮೇಡಂ, ನಿಮ್ಮ ಮನೆ ದೇವಸ್ಥಾನದ ಬೀದಿಯಲ್ಲೇ ಇದೆ ಎಂದು ವಿಳಾಸದಲ್ಲಿ ನೋಡಿದೆ. ಒಂದು ಸಲ ನೀವೇ ಅಳೆದು ನೋಡುತ್ತೀರಾ? ದಾರಿ ಸರಿಯಾಗಿದೆ ಎಂದು ನಮಗೆ ಧೈರ್ಯ ಬರುತ್ತದೆ. ಈ ಕೋಣೆ ಹೋದರೆ ಇವರು ಮತ್ತೆ ಎಲ್ಲೂ ಸೇರುವುದಿಲ್ಲ. ಮನೆಯಲ್ಲಿ ಸೇರಲು ಬಿಡುವುದೂ ಇಲ್ಲ.

ಶ್ವೇತ


ನಂಜನಗೂಡು
5 ಅಕ್ಟೋಬರ್ 1998

ಚಿ. ಶ್ವೇತಳಿಗೆ ಆಶೀರ್ವಾದಗಳು.

ಮಳೆ ಮೋಡ ಬಿಡಲಿ ಎಂದು ಕಾದಿದ್ದೆ. ನಿನ್ನೆ ಒಳ್ಳೆಯ ಬಿಸಿಲಿತ್ತು. ಅವರ ಸ್ಕೂಲಿನಿಂದ ನೂರಡಿ ಟೇಪು ತರಿಸಿಕೊಂಡಿದ್ದೆ. ಅವರು ಹೋದ ಮೇಲೆ ಮಧ್ಯಾಹ್ನದ ಹೊತ್ತು ನಾನು ಬೀದಿಗೆ ಇಳಿದದ್ದು ನಿನ್ನೆಯೇ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

ಕೋಲಿಗೆ ಬದಲು ಅವರ ಕೊಡೆಯನ್ನೇ ಗೋಪುರದ ಮುಂದಿನ ಬಯಲಿನಲ್ಲಿ ನಿಲ್ಲಿಸಿದೆ. ಮಧ್ಯಾಹ್ನ ಕಳೆದರೆ ಗೋಪುರದ ನೆರಳು ನಮ್ಮ ಕಡೆಗೆ, ಮೂಡಲಿಗೆ ಬೀಳುತ್ತದೆ. ರಸಬಾಳೆ ಮಾರುವ ಮಾದು, 'ಏನಮ್ಮಾವ್ರೆ, ಮಳೆನೂ ಇಲ್ಲ, ಕೊಡೆನೂ ಬಿಚ್ಚಿಲ್ಲ, ಅದನ್ಯಾಕೆ ಕಾಯ್ತಾ ಇದೀರಿ?' ಎಂದ. ನೆರಳು ಕಾಯುತ್ತಿದ್ದೇನೆ ಎಂದೆ. 'ನಾನೂ ದಿನಾ ಅದನ್ನೇ ಕಾಯೋದು' ಎಂದು ನಕ್ಕು, ಗೋಪುರದ ನೆರಳಿನ ತುದಿ ಬೀಳುವ ಜಾಗದಿಂದ ತನ್ನ ಬುಟ್ಟಿಗಳನ್ನು ಎತ್ತಿಟ್ಟುಕೊಂಡ.

ಮೂರು ಗಂಟೆಯ ಹೊತ್ತಿಗೆ ಕೊಡೆಯ ನೆರಳು ಕೊಡೆಯಷ್ಟಾಯಿತು. ನಡುವಿನ ಕಲಶದ ನೆರಳು ಬಿದ್ದ ಕಡೆ ಮಾದು ಇದ್ದಿಲಿನಲ್ಲಿ ಗೆರೆ ಎಳೆದ. ಅಲ್ಲಿಂದ ಗೋಪುರದ ಮುಂದಿನ ಕಲ್ಲಿನವರೆಗೆ ಟೇಪು ಹಿಡಿದೆವು.

ತೊಂಬತ್ತೇಳು ಅಡಿ ಬಂತು.

ಗೋಪುರ ನೂರಿಪ್ಪತ್ತು ಅಡಿ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಎರಡು ಸಲ ಹಿಡಿದೆವು, ಎರಡು ಸಲವೂ ಅಷ್ಟೇ. ಎಲ್ಲಿ ತಪ್ಪಿತೋ ತಿಳಿಯಲಿಲ್ಲ. ನಾನು ಫೇಲಾದವಳು, ಅದನ್ನು ಮೊದಲೇ ಬರೆದಿದ್ದೆ.

ವೆಂಕಟಲಕ್ಷ್ಮಿ


ಹೆಮ್ಮಿಗೆ
20 ಅಕ್ಟೋಬರ್ 1998

ಪ್ರಿಯ ಮೇಡಂ,

ನಿಮ್ಮ ಕಾಗದ ತರಗತಿಯಲ್ಲಿ ಓದಬಾರದಿತ್ತು, ಓದಿಬಿಟ್ಟೆ. ಬಸವಣ್ಣನವರಿಗೆ ಸುದ್ದಿ ಮುಟ್ಟಿದೆ. ದಾರಿಯಲ್ಲಿ ಸಿಕ್ಕಿದಾಗಲೆಲ್ಲ 'ಏನ್ ಟೀಚರಮ್ಮ, ನಂಜುಂಡಪ್ಪ ಇಪ್ಪತ್ಮೂರಡಿ ಕುಗ್ಗಿ ಓದ್ನಂತೆ?' ಎನ್ನುತ್ತಾರೆ. ತರಗತಿಗೆ ಬರುವವರು ಅರ್ಧಕ್ಕೆ ಇಳಿದಿದ್ದಾರೆ.

ನೀವು ಟೇಪನ್ನು ಸರಿಯಾಗಿ ಎಳೆದು ಹಿಡಿದಿರಾ? ಆ ಹಣ್ಣಿನವನು ಗೆರೆ ಎಳೆಯುವುದು ತಡವಾಯಿತೋ ಏನೋ. ಇಲ್ಲವೇ ಕಥೆಯೇ ಸುಳ್ಳೋ? ಸಾರ್ ಹೇಳಿದ್ದು ಚಂದದ ಕಥೆ ಮಾತ್ರವೇ ಆಗಿದ್ದರೆ ನಾನು ಇವರನ್ನೆಲ್ಲ ನಗೆಪಾಟಲು ಮಾಡಿದಂತಾಗುತ್ತದೆ. ಬೀದಿ ದಾಟಿದರೆ ಗೋಪುರ. ಇನ್ನೊಂದು ಸಲ ಹೋಗಿ, ಒಳಗೆ ಹೊರಗೆ ಓಡಾಡಿ, ಸರಿಯಾಗಿ ನೋಡಬಾರದೆ?

ಶ್ವೇತ


ನಂಜನಗೂಡು
24 ನವೆಂಬರ್ 1998

ಶ್ವೇತಳಿಗೆ,

ಟೇಪನ್ನು ಸರಿಯಾಗಿಯೇ ಹಿಡಿದಿದ್ದೆ. ಮಾದುವಿನ ಗೆರೆಯೂ ಸರಿಯಾಗಿಯೇ ಇತ್ತು. ಅವರು ಸುಳ್ಳು ಕಥೆ ಹೇಳುವವರಲ್ಲ.

ಒಳಗೆ ಹೊರಗೆ ಓಡಾಡುವುದು ನನ್ನಿಂದ ಆಗುವುದಿಲ್ಲ. ಟೇಪನ್ನು ಸ್ಕೂಲಿಗೆ ವಾಪಸು ಕಳಿಸಿದ್ದೇನೆ.

ವೆಂಕಟಲಕ್ಷ್ಮಿ


ಹೆಮ್ಮಿಗೆ
14 ಜನವರಿ 1999

ಪ್ರಿಯ ಮೇಡಂ,

ಸಂಕ್ರಾಂತಿಯ ಎಳ್ಳು ಬೆಲ್ಲ ಈ ಕಾಗದದ ಜೊತೆಗಿದೆ. ಆ ದಿನ ದುಡುಕಿ ಬರೆದೆ. ನೀವು ಬೇಜಾರಿನಲ್ಲಿದ್ದೀರಿ ಎಂದು ಗೊತ್ತಿದ್ದೂ ಬರೆದೆ. ತಿನ್ನಿ, ಒಳ್ಳೆಯ ಮಾತಾಡಿ.

ಈಗ ಕೇಳಿ. ಬತ್ತದ ಕೊಯ್ಲು ಮುಗಿದು ಪುಟ್ಟಬಸಮ್ಮನ ಮನೆಯ ಹಿಂದೆ ಹುಲ್ಲಿನ ಮೆದೆ ಒಟ್ಟಿದ್ದಾರೆ. ಮೊನ್ನೆ ಅವರೇ ಬಂದು, 'ಗೋಪುರ ದೂರ ಅದೆ, ಮೆದೆ ಅತ್ರ ಅದೆ. ಇದುನ್ನ ಅಳ್ದು ನೋಡವಾ ಬಾ' ಎಂದರು. ಕೋಲು ನೆಟ್ಟೆವು, ಕಾದೆವು. ಕೋಲಿನ ನೆರಳು ಕೋಲಿನಷ್ಟಾದಾಗ ಮೆದೆಯ ನೆರಳು ಅಳೆದೆವು. ಮೆದೆಯ ಬುಡದಿಂದ ಹನ್ನೊಂದು ಅಡಿ. ಪುಟ್ಟಬಸಮ್ಮನ ಗಂಡ ಕಲ್ಲಯ್ಯ ಮೆದೆ ಹತ್ತಿ, ನೆತ್ತಿಯಿಂದ ಕೆಳಕ್ಕೆ ಉದ್ದನೆಯ ಗಳ ಚುಚ್ಚಿ ನೆಲ ಮುಟ್ಟಿಸಿದರು. ಗಳದ ಲೆಕ್ಕದಲ್ಲಿ ಹದಿನೇಳು ಅಡಿ. ಇಲ್ಲೂ ಕಡಿಮೆ!

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಹೆಂಗಸರು ಜಗಳಕ್ಕೆ ನಿಂತರು. ಕೋಲು ಸೊಟ್ಟ ಎಂದರು ಒಬ್ಬರು, ನೆಲ ಇಳಿಜಾರು ಎಂದರು ಇನ್ನೊಬ್ಬರು. ಜವರಮ್ಮ ಮೇಲೆ ನೋಡಿ, 'ಕಲ್ಲಣ್ಣ, ನೀನು ಅಲ್ಲೆಲ್ಲೋ ನಡುವೆ ನಿಂತಿದೀಯಲ್ಲ, ಇತ್ಲಾಗೆ ನಮ್ಮ ಕಡೀಕೆ ಬಾ, ಗಳ ಕಾಣಾಕಿಲ್ಲ' ಎಂದರು. ಅವರು ಮೇಲಿಂದಲೇ, 'ನೆತ್ತಿ ಇರಾದೇ ನಡುವೆ ಕಣಮ್ಮ! ನಿಮ್ಮ ಕಡೀಕೆ ಬಂದ್ರೆ ಜಾರಿ ನಿಮ್ಮ ಮಡಿಲಿಗೇ ಬೀಳ್ತೀನಿ' ಎಂದರು. ಎಲ್ಲರೂ ನಕ್ಕರು. ಪುಟ್ಟಬಸಮ್ಮ ಒಬ್ಬರು ನಗಲಿಲ್ಲ. ಮೆದೆ ಸುತ್ತ ಒಂದು ಸುತ್ತು ಬಂದು ನಿಂತು, 'ಅಲ್ಲಾ, ನೆರಳು ಬಿದ್ದಿರಾದು ನೆತ್ತೀದು. ನೆತ್ತಿ ಇರಾದು ನಡುವೆ. ನಾವು ಅಳ್ದಿರಾದು ಅದರ ಒಟ್ಟೆಯಿಂದ! ಒಟ್ಟೆ ಒಳಗಿರಾ ನೆರಳ ಯಾರು ಅಳೀತಾರೆ?' ಎಂದರು.

ಮೆದೆಯ ಅಗಲ ಹನ್ನೆರಡು ಅಡಿ, ಅಂದರೆ ಬುಡದಿಂದ ನಡುವಿನ ಗಳದವರೆಗೆ ಆರು ಅಡಿ. ಹನ್ನೊಂದಕ್ಕೆ ಆರು ಸೇರಿದರೆ ಹದಿನೇಳು. ಮೇಡಂ, ನಮ್ಮವರ ಕೂಗಿಗೆ ಡೈರಿಯವರು ಓಡಿ ಬಂದರು, ಮೆದೆಗೆ ಬೆಂಕಿ ಬಿತ್ತೇನೋ ಎಂದು!

'ಅಲ್ಲೊಂದು ತೊಡಕು' ಎಂದು ಸಾರ್ ಹೇಳುತ್ತಿದ್ದದ್ದು ಇದೇ. ಪಿರಮಿಡ್ಡಿನ ತುದಿಯೂ ನಡುವೆಯೇ ಇದೆ. ಥೇಲ್ಸ್ ಬುಡದಿಂದ ಅಳೆದು, ಅದಕ್ಕೆ ತಳದ ಅರ್ಧವನ್ನೂ ಸೇರಿಸಿರಬೇಕು. ನೀವು ಅವತ್ತು ಗೋಪುರದ ಮುಂದಿನ ಕಲ್ಲಿನವರೆಗೆ ಹಿಡಿದೆ ಎಂದು ಬರೆದಿದ್ದಿರಿ. ಬಾಗಿಲೊಳಗೆ, ಗೋಪುರದ ನಟ್ಟನಡುವಿಗೆ ಹೋಗಬೇಕಿತ್ತು. ಯಾಕೆ ಅಲ್ಲೇ ನಿಂತಿರಿ?

ಇನ್ನೊಂದು ಮಾತು. ಇಷ್ಟು ದಿನ ಮುಚ್ಚಿಟ್ಟಿದ್ದೆ. ನನಗೆ ಸರ್ಕಾರಿ ಕೆಲಸದ ಆರ್ಡರು ನವೆಂಬರ್‌ನಲ್ಲೇ ಬಂದಿದೆ. ರಾಯಚೂರು ಜಿಲ್ಲೆ, ಸಿಂಧನೂರಿನ ಕಡೆಯ ಒಂದು ಹಳ್ಳಿ. ಹೇಳಿದರೆ ತರಗತಿ ಒಡೆದುಹೋಗುತ್ತದೆಂದು ಯಾರಿಗೂ ಹೇಳಲಿಲ್ಲ. ಇದೇ ತಿಂಗಳು ಹೋಗಿ ಸೇರಬೇಕು. ಮುಡಿ ತೆಗೆಸುವುದು ಮಾರ್ಚ್ ಎಂಟನೆಯ ಸೋಮವಾರ. ಅವತ್ತು ಇವರ ಜೊತೆ ನಾನಿರುವುದಿಲ್ಲ. ನೀವು ನಿಲ್ಲಬೇಕು. ನೀವೇ ಗೋಪುರದ ನಡುವೆ ಹಗ್ಗದ ತುದಿ ಹಿಡಿಯಬೇಕು. ಇಲ್ಲ ಎನ್ನಬೇಡಿ.

ಶ್ವೇತ


ನಂಜನಗೂಡು
3 ಫೆಬ್ರವರಿ 1999

ಚಿ. ಶ್ವೇತಳಿಗೆ ಆಶೀರ್ವಾದಗಳು.

ಹೊಸ ಊರು ಹೇಗಿದೆ? ಅಲ್ಲಿ ಜೋಳದ ರೊಟ್ಟಿಯಂತೆ. ಅನ್ನ ಸಿಗುತ್ತದೆಯೋ ಇಲ್ಲವೋ, ಹೊಟ್ಟೆ ನೋಡಿಕೋ.

ಯಾಕೆ ಅಲ್ಲೇ ನಿಂತಿರಿ ಎಂದು ಕೇಳಿದೆ. ನಮ್ಮ ಮನೆಯಲ್ಲಿ ಸಾವಾದ ಮೇಲೆ ವರ್ಷಾಬ್ದಿಕ ಮುಗಿಯುವವರೆಗೆ ಮನೆಯವರು ಗೋಪುರದ ಕೆಳಗೆ ಹಾಯುವುದಿಲ್ಲ. ಅವರನ್ನು ಕಳುಹಿಸಿ ಬಂದ ದಿನ ಅತ್ತೆ ನನ್ನನ್ನು ಕೂರಿಸಿಕೊಂಡು, 'ಆ ಕಲ್ಲಿನಿಂದ ಆಚೆಗೆ ನಾವಿಬ್ಬರೂ ಇಲ್ಲ' ಎಂದಿದ್ದರು. ಅವರಿಗೂ ಅದೇ ನಿಯಮ. ಮಗನನ್ನು ಕಳೆದುಕೊಂಡವರು ದಿನಾ ಬೆಳಿಗ್ಗೆ ಆ ಕಲ್ಲಿನ ಹತ್ತಿರ ನಿಂತು, ಹೊರಗಿನಿಂದಲೇ ಕೈ ಮುಗಿದು ಬರುತ್ತಾರೆ. ಅವತ್ತು ಟೇಪು ಹಿಡಿದುಕೊಂಡು ಹೋದಾಗ ನನ್ನ ಕಾಲು ತಾನಾಗಿ ಅಲ್ಲಿ ನಿಂತಿತು. ಗೋಪುರ ಅಲ್ಲಿಂದಲೇ ಶುರು ಎಂದು ನನಗೆ ಅನ್ನಿಸಿಬಿಟ್ಟಿತ್ತು. ಈ ವರ್ಷ ನನಗೆ ಗೋಪುರ ಎಂದರೆ ಆ ಕಲ್ಲು, ಅಷ್ಟೇ.

ನಿನ್ನ ಮೆದೆಯ ಕಥೆಯನ್ನು ಎರಡು ಸಲ ಓದಿದೆ. ಅತ್ತೆಗೂ ಓದಿ ಹೇಳಿದೆ. 'ಹಾಗಾದರೆ ಮುರಳಿ ಹೇಳಿದ್ದು ಸರಿಯಾಗಿತ್ತು ಅನ್ನು' ಎಂದರು.

ವರ್ಷಾಬ್ದಿಕ ಏಪ್ರಿಲ್‌ಗೆ. ನಿಮ್ಮ ದಿನ ಮಾರ್ಚಿಗೆ. ನಾನು ಬರುತ್ತೇನೆ, ಹೊರಗೆ ನಿಲ್ಲುತ್ತೇನೆ. ಒಳಗಿನ ತುದಿಯನ್ನು ಬೇರೆ ಯಾರಾದರೂ ಹಿಡಿಯಲಿ.

ವೆಂಕಟಲಕ್ಷ್ಮಿ


ಸಿಂಧನೂರು ತಾಲ್ಲೂಕು
16 ಫೆಬ್ರವರಿ 1999

ಪ್ರಿಯ ಮೇಡಂ,

ಬೀದಿ ದಾಟಿದರೆ ಗೋಪುರ ಎಂದು ನಾನು ಬರೆದಿದ್ದೆ! ಆ ಸಾಲು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಪುಟ್ಟಬಸಮ್ಮನಿಗೆ ಕಾಗದ ಹಾಕಿದ್ದೇನೆ, ಅವರು ತಾವೇ ಓದಿಕೊಳ್ಳುತ್ತಾರೆ. ಒಳಗಿನ ತುದಿ ಅವರದು, ಹೊರಗೆ ಕೋಲಿನ ಹತ್ತಿರ ನೀವು. ಬಾಗಿಲಿನ ಹೊರಗಿನ ಕೊನೆಯಿಂದ ಒಳಗಿನ ಕೊನೆಗೆ ದಾರ ಹಿಡಿದು ಅದನ್ನು ಮಡಿಸಿದರೆ ನಡು ಸಿಗುತ್ತದೆ ಎಂದು ಹೇಳಿದ್ದೇನೆ. ನೀವು ಹೊರಗೆ ನಿಂತರೂ ಸಾಕು ಮೇಡಂ. ಸಾರ್ ಮನೆಯವರು ಒಬ್ಬರು ಅಲ್ಲಿದ್ದರೆ ಅವರಿಗೆ ಬಲ.

ಇಲ್ಲಿ ಬಿಸಿಲು ಬೇಕಾದಷ್ಟಿದೆ. ಥೇಲ್ಸ್ ಇದ್ದಿದ್ದರೆ ಇಲ್ಲೇ ಮನೆ ಮಾಡುತ್ತಿದ್ದ.

ಶ್ವೇತ


ನಂಜನಗೂಡು
10 ಮಾರ್ಚ್ 1999

ಚಿ. ಶ್ವೇತಳಿಗೆ ತುಂಬಾ ತುಂಬಾ ಆಶೀರ್ವಾದಗಳು.

ಆಗಿಹೋಯಿತಮ್ಮ! ನಿನಗೆ ಒಂದೂ ಬಿಡದೆ ಬರೆಯಬೇಕೆಂದು ನಿನ್ನೆಯಿಂದ ಕೂತಿದ್ದೇನೆ. ದಿನಚರಿಯಲ್ಲಿ ನಾಲ್ಕು ಸಾಲಿಗೆ ಮುಗಿಯಲಿಲ್ಲ.

ಸೋಮವಾರ ಬೆಳಿಗ್ಗೆಯೇ ಟ್ರಾಕ್ಟರಿನಲ್ಲಿ ಬಂದರು. ಕಪಿಲೆಯಲ್ಲಿ ಸ್ನಾನ, ಮುಡಿ, ಪೂಜೆ, ಊಟ ಎಲ್ಲ ಮುಗಿಯಿತು. ಬೋಳುತಲೆಗೆ ಗಂಧ ಹಚ್ಚಿಕೊಂಡ ಮೊಮ್ಮಗನನ್ನು ಎತ್ತಿಕೊಂಡು ಬಸವಣ್ಣ ಬಯಲಿಗೆ ಬಂದರು. ಜವರಮ್ಮ ಊರಿಂದ ತಂದ ಕೋಲು ನಿಲ್ಲಿಸಿ, ಅದು ಸೊಟ್ಟಗಿಲ್ಲ ಎಂದು ತೋರಿಸಲು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು. ಮಾದು ಬುಟ್ಟಿಗಳನ್ನು ಆಗಲೇ ಎತ್ತಿಟ್ಟಿದ್ದ. 'ಈ ನೆರಳಿಗೆ ನಾನೇ ಕಾವಲುಗಾರ' ಎಂದು ಎಲ್ಲರಿಗೂ ಹೇಳುತ್ತಿದ್ದ. ನಮ್ಮ ಅತ್ತೆಯೂ ಬಂದು, ದೇವಸ್ಥಾನದ ಹೊರಗಿನ ಕಟ್ಟೆಯ ಮೇಲೆ ಕೂತರು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ.

ಯಾತ್ರಿಕರೂ ಸೇರಿಕೊಂಡರು. ಯಾರೋ ಕೇಳಿದರು, ಇದೇನು ಹರಕೆ? ಪುಟ್ಟಬಸಮ್ಮ ಥೇಲ್ಸನ ಕಥೆ ಶುರುಮಾಡಿದರು. ಶ್ವೇತ, ನೀನು ಕೇಳಬೇಕಿತ್ತು. 'ಒಂದೂರಲ್ಲಿ ಒಬ್ಬ ಯಾಪಾರಿ. ಅವನಿಗೆ ಬಿಸಿಲಂದ್ರೆ ಭಯ ಇಲ್ಲ, ಕಾಯಾದಂದ್ರೆ ಬೇಜಾರಿಲ್ಲ...' ಎಂದು ನಮ್ಮ ಕಥೆಯನ್ನೇ ಎಷ್ಟು ಸೊಗಸಾಗಿ ಹೇಳಿದರು! ನಮ್ಮ ಹಿರಿಯರೂ ಹನ್ನೆರಡು ಅಂಗುಲದ ಶಂಕು ಎಂಬ ಕೋಲು ನಿಲ್ಲಿಸಿ ನೆರಳಿನಿಂದ ಹೊತ್ತು ಹೇಳುತ್ತಿದ್ದರು ಎಂದು ನಾನು ಒಂದು ಮಾತು ಸೇರಿಸಿದೆ. ಅಷ್ಟು ಜನರ ಮುಂದೆ ನನ್ನ ಬಾಯಿಂದ ಮಾತು ಹೊರಟಿತು.

ಮೂರೂಕಾಲು ದಾಟಿದ ಮೇಲೆ ಜವರಮ್ಮ 'ಆಯ್ತು!' ಎಂದು ಕೂಗಿದರು. ನಡುವಿನ ಕಲಶದ ನೆರಳಿನ ತುದಿಗೆ ಮಾದು ಗೆರೆ ಎಳೆದ. ನೆರಳು ಚೂರು ಬಡಗಲಿಗೆ ವಾಲಿತ್ತು. ಇನ್ನು ಹಗ್ಗ ಹಿಡಿಯಬೇಕು. ಪುಟ್ಟಬಸಮ್ಮ ಒಳಗಿನ ತುದಿ ತೆಗೆದುಕೊಂಡು ಹೊರಟರು. ಬಸವಣ್ಣ ಅಡ್ಡ ಬಂದರು.

'ನಿಂತ್ಕಳವ್ವ. ಪಂಥ ಕಟ್ಟಿದೋಳೂ ನೀನೇ, ತುದಿ ಇಡಿಯೋಳೂ ನೀನೇ ಆದ್ರೆ ಎಂಗೆ? ನಾಳೆ ಅತ್ಲಾಗೆ ಎಳುದ್ಲು, ಇತ್ಲಾಗೆ ಎಳುದ್ಲು ಅಂತ ಮಾತು ಬತ್ತದೆ. ಶ್ವೇತಮ್ಮನ ಜಾಗದಲ್ಲಿ ಈ ಟೀಚರಮ್ಮ ಅವ್ರಲ್ಲ, ಅವ್ರೇ ಒಳೀಕೋಗಿ ಇಡೀಲಿ. ಅವರು ಎಲ್ಲಿ ನಡು ಅಂತಾರೋ ನಾನು ಒಪ್ಕತೀನಿ.'

ಅವರು ಟೀಚರಮ್ಮ ಎಂದದ್ದು ನನ್ನನ್ನು. ನಾನು ಆ ಕಲ್ಲಿನ ಹತ್ತಿರ ನಿಂತಿದ್ದೆ. ಕಾಲು ಏಳಲಿಲ್ಲ. ಪುಟ್ಟಬಸಮ್ಮ ಬಸವಣ್ಣನ ಕಿವಿಯಲ್ಲಿ ಏನೋ ಹೇಳಿದರು. ಅವರ ಮುಖ ಸಣ್ಣಗಾಯಿತು. 'ಅಯ್ಯೋ, ಗೊತ್ತಾಗ್ನಿಲ್ಲ ತಾಯಿ. ಬ್ಯಾಡಿ ಬ್ಯಾಡಿ. ಪುಟ್ಟಬಸಮ್ಮ್ನೇ ಇಡ್ಕಳ್ಳಿ, ನಾನೇನೂ ಅನ್ನಕಿಲ್ಲ' ಎಂದರು.

ಆಗ ಕಟ್ಟೆಯಿಂದ ಅತ್ತೆಯ ಧ್ವನಿ ಬಂತು. 'ವೆಂಕಟಲಕ್ಷ್ಮೀ.'

ತಿರುಗಿ ನೋಡಿದೆ. ಎದ್ದು ನಿಂತಿದ್ದರು.

'ಆ ಕಲ್ಲು ದಾಟಬಾರದು ಅಂತ ಗೆರೆ ಹಾಕಿದವಳು ನಾನು. ಅವನು ನನ್ನ ಮಗ. ಅವನ ಲೆಕ್ಕ ಹೋಗಿ ಹೋಗಿ ಬಾಗಿಲಲ್ಲೇ ನಿಂತುಬಿಟ್ಟರೆ ಅದಕ್ಕಿಂತ ದೊಡ್ಡ ಸೂತಕ ಇನ್ಯಾವುದಿದೆಯೇ? ಹೋಗು. ನಂಜುಂಡ ಏನಾದರೂ ಕೇಳಿದರೆ ನಾನು ಉತ್ತರ ಕೊಡ್ತೀನಿ.'

ಪುಟ್ಟಬಸಮ್ಮ ಹಗ್ಗದ ತುದಿಯನ್ನು ನನ್ನ ಕೈಗಿಟ್ಟರು. ನಾನು ಕಲ್ಲು ದಾಟಿದೆ.

ಒಳಗೆ ತಂಪಾಗಿತ್ತು. ಹೊರಗಿನ ಬಿಸಿಲಿನಿಂದ ಹೋದವಳಿಗೆ ಮೊದಲು ಏನೂ ಕಾಣಲಿಲ್ಲ. ಗೋಡೆಯ ಎಣ್ಣೆಯ ವಾಸನೆ, ಬಾವಲಿಗಳ ಸದ್ದು. ಮದುವೆಯಾದ ಹೊಸದರಲ್ಲಿ ಅವರು ಇದೇ ಜಾಗದಲ್ಲಿ ನಿಲ್ಲಿಸಿ, ತಲೆ ಎತ್ತಿ ನೋಡು ಎಂದಿದ್ದರು. ಅವತ್ತು ನಾಚಿಕೆಯಿಂದ ಎತ್ತಿರಲಿಲ್ಲ. ಈಗ ಎತ್ತಿದೆ. ಮಡಿಸಿದ ದಾರ ಹಿಡಿದು ನಡು ಗುರುತಿಸಿ, ಹಗ್ಗದ ತುದಿಯನ್ನು ನೆಲಕ್ಕೆ ಒತ್ತಿ ಕೂತೆ. ಹೊರಗಿನಿಂದ ಯಾರೋ ಹಗ್ಗ ಎಳೆದು ಬಿಗಿ ಮಾಡಿದರು. ಆ ಎಳೆತ ಕೈಗೆ ಬಂದಾಗ ನನಗೆ ಅಳು ಬಂತು. ಅಳುತ್ತಲೇ 'ಬಿಗಿಯಾಗಿದೆ, ಗಂಟು ಹಾಕಿ!' ಎಂದು ಕೂಗಿದೆ.

ಹಗ್ಗವನ್ನು ಬಯಲಿನಲ್ಲಿ ಹಾಸಿ, ಸ್ಕೂಲಿನಿಂದ ಮತ್ತೆ ತರಿಸಿದ್ದ ಟೇಪಿನಿಂದ ಅಳೆದರು. ಬಸವಣ್ಣನೇ ಬಗ್ಗಿ ಓದಿದರು. ನೂರ ಹತ್ತೊಂಬತ್ತು.

ಬಸವಣ್ಣ ಗಡ್ಡ ಕೆರೆದುಕೊಂಡು, 'ಊರೋರೆಲ್ಲ ನೂರಿಪ್ಪತ್ತು ಅಂತಾರಲ್ಲ. ಒಂದಡಿ ಎಲ್ಲೋಯ್ತು?' ಎಂದರು.

'ನಿನ್ನ ಮೊಮ್ಮಗನ ಜುಟ್ಟು ಎಲ್ಲೋಯ್ತೋ ಅಲ್ಲಿಗೋಯ್ತು' ಎಂದರು ಪುಟ್ಟಬಸಮ್ಮ.

ಬಯಲೆಲ್ಲ ನಕ್ಕಿತು. ನನಗೆ ನಮ್ಮವರು ಹೇಳುತ್ತಿದ್ದ ಇನ್ನೊಂದು ಕಥೆ ನೆನಪಾಯಿತು. ಹೇಳಿದೆ. ಆರ್ಯಭಟ ಎಂಬ ದೊಡ್ಡ ಪಂಡಿತ ಬಳೆಯ ಅಡ್ಡಳತೆಯಿಂದ ಅದರ ಸುತ್ತಳತೆ ಕಂಡುಹಿಡಿಯುವ ಲೆಕ್ಕ ಕೊಟ್ಟ. ಕೊಟ್ಟು, ಇದೇ ಸರಿ ಎನ್ನಲಿಲ್ಲ. 'ಆಸನ್ನ' ಎಂದ. ಹತ್ತಿರಕ್ಕೆ ಬಂದಿದೆ ಎಂದರ್ಥ. ಅಷ್ಟು ದೊಡ್ಡವನೇ ಹತ್ತಿರ ಬಂದೆ ಎಂದಮೇಲೆ, ಕಲಶದ ನೆರಳಿನ ತುದಿ ಮಸುಕಾಗಿರುವಾಗ ನಾವು ಒಂದಡಿ ಹತ್ತಿರ ಬಂದದ್ದು ಕಡಿಮೆಯೇ?

ಬಸವಣ್ಣ ಮೊಮ್ಮಗನನ್ನು ಕೆಳಗಿಳಿಸಿ ಎರಡೂ ಕೈ ಎತ್ತಿದರು. 'ಸೋತೆ ಕಣ್ರಮ್ಮ. ಕೋಣೆ ನಿಮ್ದು. ಬಲ್ಬೂ ನಂದೇ. ಗೊಬ್ಬರ ನನ್ನ ಅಟ್ಟಿಗೇ ಓಗಲಿ, ನನ್ನ ಎಂಡ್ರು ಬಯ್ಯದಂಗೆ ನೀವೇ ಬಂದು ಏಳಿ.' ಟ್ರಾಕ್ಟರು ಹತ್ತುವಾಗ ಹೆಂಗಸರೆಲ್ಲ ಒಂದೇ ದನಿಯಲ್ಲಿ 'ನೂರ ಅತ್ತೊಂಬತ್ತು!' ಎಂದು ಕೂಗುತ್ತಿದ್ದರು. ಸೇತುವೆ ದಾಟುವವರೆಗೂ ಕೇಳಿಸುತ್ತಿತ್ತಂತೆ, ಮಾದು ಹೇಳಿದ. ಅವನು ಎಲ್ಲರಿಗೂ ಒಂದೊಂದು ರಸಬಾಳೆ ಕೊಟ್ಟ.

ನೀನು ಹೋದ ಮೇಲೆ ಕೋಣೆ ಇದ್ದೂ ಟೀಚರು ಇಲ್ಲವಲ್ಲ ಎಂದು ಪುಟ್ಟಬಸಮ್ಮ ಕೇಳಿದರು. ಶನಿವಾರ ಶನಿವಾರ ನರಸೀಪುರದ ಬಸ್ಸು ಹತ್ತಿ ಬರುತ್ತೇನೆ ಎಂದಿದ್ದೇನೆ. ನನಗೆ ಗೊತ್ತಿರುವುದು ಕಥೆಗಳು ಮಾತ್ರ, ಅದೂ ಅರ್ಧರ್ಧ. 'ಅರ್ಧ ನೀವು ಏಳಿ, ಮಿಕ್ಕಿದ್ದ ನಾವು ಮೆದೆ ಅತ್ತಿ ನೋಡ್ಕತೀವಿ' ಎಂದರು. ಒಂದು ಅನುಮಾನ ನನಗೆ. ನಿನ್ನ ಮೇಷ್ಟ್ರು ಕಥೆಯನ್ನು ಯಾವಾಗಲೂ ತೊಡಕಿನ ಹತ್ತಿರವೇ ನಿಲ್ಲಿಸುತ್ತಿದ್ದದ್ದು ಗಂಟೆ ಹೊಡೆದದ್ದಕ್ಕೂ ಅಲ್ಲ, ಹಾಲು ಉಕ್ಕಿದ್ದಕ್ಕೂ ಅಲ್ಲವೇನೋ. ಈಗ ಕೇಳಲು ಅವರಿಲ್ಲ.

ಸಂಜೆ ಮನೆಗೆ ಬಂದು ಹಾಲು ಕಾಯಲು ಇಟ್ಟೆ. ಅತ್ತೆ ಅಡುಗೆಮನೆಯ ಹೊಸಲಿನಲ್ಲಿ ಬಂದು ಕೂತರು. ಕಥೆ ಹೇಳುವಾಗ ನಮ್ಮವರು ಕೂರುತ್ತಿದ್ದ ಜಾಗ ಅದು. 'ಅಲ್ಲಾ, ಆ ವ್ಯಾಪಾರಿ ಕೋಲು ನಿಲ್ಲಿಸಿ ಕಾದ ಅಂದ್ಯಲ್ಲ. ಪಿರಮಿಡ್ಡಿನೊಳಕ್ಕೆ ಹೋಗೋಕೆ ಅವನಿಗೆ ಬಾಗಿಲೇ ಇರಲಿಲ್ಲವಲ್ಲ, ನಡು ಹೇಗೆ ಕಂಡುಹಿಡಿದ? ಮೊದಲಿಂದ ಹೇಳು' ಎಂದರು.

ಹೇಳಲು ಕೂತೆ. ತೊಡಕಿನ ಹತ್ತಿರ ಬಂದಾಗ ಬೆನ್ನ ಹಿಂದೆ ಹಾಲು ಏಳುವ ಸದ್ದು ಕೇಳಿಸಿತು. ಅತ್ತೆ ಒಲೆಯ ಕಡೆ ನೋಡಿದರು. ನಾನು ಏಳಲಿಲ್ಲ. ಕಥೆ ಮುಗಿಸಿದ ಮೇಲೆ ಇಬ್ಬರೂ ಸೇರಿ ಒಲೆ ಒರೆಸಿದೆವು.

ನಿನ್ನ
ವೆಂಕಟಲಕ್ಷ್ಮಿ